ಪಾಚಿ ಹಿಡಿದ ಸೂರು

ವೈ ನದಿಯ ದಂಡೆ
ಅಕ್ಟೋಬರ್ 1811

ಚಿತ್ರಕಾರ ಲಿಂಡ್ಸೆಲ್ ಅವರಿಗೆ ಟ್ಯಾಬಿತಾಳ ವಂದನೆಗಳು.

ನೀವು ಬರೆದ ನಮ್ಮ ಗುಡಿಸಲಿನ ಜಲವರ್ಣ ಚಿತ್ರವನ್ನು ಧಣಿಗಳು ಕೊಂಡು ತಂದು ತಮ್ಮ ಬಂಗಲೆಯ ಗೋಡೆಗೆ ಹಾಕಿದ್ದಾರೆ. ಚೆನ್ನಾಗಿದೆ. ಸೂರಿನ ಪಾಚಿಯಂತೂ ಇದ್ದ ಹಾಗೆಯೇ ಬಂದಿದೆ.

ಹೋದ ವರ್ಷ ನನ್ನ ಗಂಡ ಏಬಲ್ ಹೊಸ ಹುಲ್ಲು ಹೊದಿಸಲು ಏಣಿ ಇಟ್ಟಾಗ, "ಪಾಚಿ ಕೀಳಬೇಡಪ್ಪ, ಚಿತ್ರ ಮುಗೀಲಿ" ಎಂದಿರಿ. ನಾನೂ "ಇಳಿಯೋ ಮಾರಾಯ, ಸೂರೇನು ಓಡಿಹೋಗುತ್ತಾ" ಎಂದು ನಕ್ಕೆ. ನಗಬಾರದಿತ್ತು. ಚಿತ್ರ ಮುಗಿಯುವಷ್ಟರಲ್ಲಿ ಮಳೆ ಹಿಡಿದು ಸೂರಿನ ಕೆಲಸ ನಿಂತಿತು.

ಈಗ ಧಣಿಗಳು ಬಿಡುತ್ತಿಲ್ಲ. "ನನ್ನ ಕಿಟಕಿಯಿಂದ ಚಿತ್ರದಲ್ಲಿರೋ ಹಾಗೇ ಕಾಣ್ಬೇಕು. ಸೂರು ಮುಟ್ಟಿದ್ರೆ ಮನೆ ಖಾಲಿ ಮಾಡಿ" ಎಂದರು. ಏಬಲ್ ಕೆಮ್ಮುತ್ತಾ ಮಲಗಿದ್ದಾನೆ. ಹಾಸಿಗೆ ಎಲ್ಲಿಗೆ ಎಳೆದರೂ ಸೋರುತ್ತದೆ.

ಒಂದು ಉಪಕಾರ ಮಾಡಿ. ಹೊಸ ಹುಲ್ಲು ಹೊದಿಸಿದ ಹಾಗೆ ಇನ್ನೊಂದು ಚಿತ್ರ ಬರೆದು ಅವರಿಗೆ ಕಳಿಸಿ. ಅದನ್ನು ನೋಡಿಯಾದರೂ ಒಪ್ಪಿಯಾರು.

ಅದರಲ್ಲಿ ಏಬಲ್ ಏಣಿಯ ಮೇಲಿರಲಿ.

ಅದೇ ಸೂರಿನಡಿಯ,
ಟ್ಯಾಬಿತಾ