ಕೋಟೆ ನೋಡಿದೆ, ನಿನ್ನನ್ನು ನೋಡಲಿಲ್ಲ

ವಾಯೆಕಾಸ್, ಮ್ಯಾಡ್ರಿಡ್
೧೬ ಮಾರ್ಚ್ ೧೯೮೬, ಭಾನುವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮೊಣಕಾಲು ನೋವು ಕಡಿಮೆಯಾಯಿತೇ, ಇಲ್ಲ ಪ್ರಾರ್ಥನೆ ಅಂತ ತಣ್ಣನೆ ಕಲ್ಲಿನ ಮೇಲೆ ಮಂಡಿಯೂರಿ ಹೆಚ್ಚಿಸಿಕೊಂಡಿದ್ದೀಯಾ? ಮಠದವರಿಗೆ ನೀನು ಸಿಸ್ಟರ್ ಇನೆಸ್ ಆಗಿರಬಹುದು. ನನಗೆ ಮಾತ್ರ ಚಳಿಗಾಲದಲ್ಲಿ ಹೊದಿಕೆಯನ್ನೆಲ್ಲ ತನ್ನ ಕಡೆಗೇ ಎಳೆದುಕೊಳ್ಳುತ್ತಿದ್ದ ಫ್ವೆನ್ಸಿಸ್ಲಾನೇ. ನಾನು ಚೆನ್ನಾಗಿದ್ದೇನೆ. ಅಕ್ಷರ ದಪ್ಪಗೆ ಸೊಟ್ಟಗಿದ್ದರೆ ಪೆನ್ನನ್ನು ಬೈದುಕೋ.

ಮೊನ್ನೆ ಶುಕ್ರವಾರ ಸೆಗೋವಿಯಾಕ್ಕೆ ಬಂದಿದ್ದೆ. ಹೌದು, ನಿನ್ನ ಗೋಡೆಯ ಈಚೆಗೇ ನಿಂತಿದ್ದೆ. ಹುಟ್ಟುಹಬ್ಬಕ್ಕೆ ಏನು ಬೇಕಮ್ಮಾ ಎಂದು ನಮ್ಮ ಫ್ರೂತೋಸ್ ಕೇಳಿದ, ಊರಿಗೆ ಕರೆದುಕೊಂಡು ಹೋಗು ಎಂದೆ. ನಿನ್ನ ಮುಖ ನೋಡಬೇಕು ಎಂದು ಬಾಯಿಬಿಡಲಿಲ್ಲ. ಬಿಟ್ಟಿದ್ದರೆ ಈಗೇನು ಅವಸರ ಎಂದು ಕೆದಕುತ್ತಿದ್ದ. ಅಮ್ಮನಿಗೆ ರಾಜೋಪಚಾರ ಆಗಲಿ ಎಂದು ಅವನು ಡ್ರೈವರ್ ಸಮೇತ ಕಾರು ಗೊತ್ತುಮಾಡಿದ. ಆ ಡ್ರೈವರ್ ಆನ್ಸೆಲ್ಮೋ ಊರನ್ನೂ ತೋರಿಸುತ್ತಾನಂತೆ. ಕಡೆಗೆ ನಿಮ್ಮ ಕನ್ಯಾಮಠದವರು ಮಾರುವ ಬಿಸ್ಕತ್ತು ಕೊಳ್ಳೋಣ ಎಂದಷ್ಟೇ ಹೇಳಿಟ್ಟೆ.

ನಮ್ಮೂರನ್ನು ನನಗೇ ತೋರಿಸಿದ ಮಹಾನುಭಾವ! ಕೋಟೆಯ ಒಳಗೆ ನಾನು ಕಾಲಿಟ್ಟದ್ದು ಮಾತ್ರ ಇದೇ ಮೊದಲು. ಕೆಳಗೆ ಎರೆಸ್ಮಾ ಹೊಳೆಯಲ್ಲಿ ಅಮ್ಮನ ಜೊತೆ ಬಟ್ಟೆ ಒಗೆಯುವಾಗ ಕತ್ತೆತ್ತಿ ಕೋಟೆ ನೋಡಿದರೆ ಬೆನ್ನಿಗೆ ಒಂದು ಬೀಳುತ್ತಿತ್ತಲ್ಲ, ನೆನಪಿದೆಯಾ? ರಾಜರ ಕಬ್ಬಿಣದ ಅಂಗಿಗಳ ಮುಂದೆ ಆನ್ಸೆಲ್ಮೋ ಗಂಟೆಗಟ್ಟಲೆ ನಿಂತ. ಗೋಪುರ ಹತ್ತುವುದಿಲ್ಲ ಎಂದು ನಾನು ಹಟ ಹಿಡಿದೆ. ಊರಿನ ದೊಡ್ಡ ಚರ್ಚಿನಲ್ಲೂ ಒಂದು ಸುತ್ತು ಹಾಕಿ ಹೊರಟೇಬಿಟ್ಟೆ. ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹಬ್ಬದ ಮೆರವಣಿಗೆ ತೋರಿಸುತ್ತಿದ್ದ ಜಾಗದಲ್ಲಿ ಒಂದು ಕ್ಷಣವೂ ನಿಲ್ಲಲಿಲ್ಲ, ಈಗ ಅದಕ್ಕೂ ಹೊಟ್ಟೆ ಉರಿಯುತ್ತದೆ. ಫ್ರೂತೋಸನಿಗೆ ಸಿಟ್ಟು ಬಂತು. “ಯಾರಮ್ಮಾ ನಿನ್ನ ಅಟ್ಟಿಸ್ಕೊಂಡು ಬರ್ತಿರೋದು? ಸ್ವಲ್ಪ ನಿಧಾನಕ್ಕೆ ನೋಡ್ಬಾರ್ದಾ?” ಎಂದ. ಪಾಪ, ನನಗಾಗಿ ರಜೆ ಹಾಕಿ ಬಂದವನು. ಹೋಟೆಲಿನಲ್ಲಿ ಊಟಕ್ಕೂ ಮೊದಲೇ ಹೇಳಿಟ್ಟಿದ್ದ. ಹಂದಿಮರಿಯನ್ನು ಹುರಿದು ತಂದು, ತಟ್ಟೆಯ ಅಂಚಿನಿಂದಲೇ ಕತ್ತರಿಸಿ ಬಡಿಸಿದರು. ಗರಿಗರಿ ಚರ್ಮವನ್ನು ಚಪ್ಪರಿಸಿ ತಿಂದೆ, ಬೇಗ ಮುಗಿದರೆ ಸಾಕು ಎಂದು.

ಕೊನೆಗೂ ಮಠದ ಗೋಡೆಯಲ್ಲಿ ತಿರುಗುವ ಆ ಮರದ ಪೆಟ್ಟಿಗೆಯ ಮುಂದೆ ನಿಂತು ಗಂಟೆ ಎಳೆದೆ. ಒಳಗಿನಿಂದ ಯಾರೋ ಎಳೆಯ ಹುಡುಗಿಯ ದನಿ. ಸಿಸ್ಟರ್ ಇನೆಸ್ ಅವರನ್ನು ನೋಡಬಹುದೇ ಎಂದು ಮೆಲ್ಲಗೆ ಕೇಳಿದೆ. “ತಪಸ್ಸಿನ ಕಾಲ ಅಲ್ವಾ ಅಜ್ಜಿ, ಈಸ್ಟರ್ ಆಗೋವರೆಗೂ ಭೇಟಿ ಇಲ್ಲ” ಎಂದಳು. ಪ್ರತಿವರ್ಷ ನೀನು ಬರೆದು ತಿಳಿಸುತ್ತೀಯ, ನಾನು ಮರೆತಿದ್ದೆ. ಮಾಂಸ ಮುಟ್ಟಬಾರದ ತಪಸ್ಸಿನ ಕಾಲದ ಶುಕ್ರವಾರವೇ ಹಂದಿಮರಿ ತಿಂದು, ತುಟಿಯ ಜಿಡ್ಡು ಆರುವ ಮೊದಲೇ ನಿನ್ನ ಬಾಗಿಲಿಗೆ ಬಂದ ಪುಣ್ಯಾತ್ಗಿತ್ತಿ ನಾನು! ಒಳಗೆ ಏನಾದರೂ ಹೇಳಬೇಕೇ ಎಂದು ಅವಳೇ ಕೇಳಿದಳು. ಅಷ್ಟರಲ್ಲಿ ಫ್ರೂತೋಸ್ ಬೆನ್ನ ಹಿಂದೆ ಬಂದು ನಿಂತಿದ್ದ. “ಏನಿಲ್ಲಮ್ಮ, ಬಿಸ್ಕತ್ತಿಗೆ ಬಂದೆ” ಎಂದುಬಿಟ್ಟೆ. ಪೆಟ್ಟಿಗೆ ತಿರುಗಿತು, ಡಬ್ಬಿ ಬಂತು.

ಕಾರಿನಲ್ಲಿ ಫ್ರೂತೋಸ್ ಒಂದು ಬಿಸ್ಕತ್ತು ಬಾಯಿಗೆ ಹಾಕಿಕೊಂಡು, “ಇದಕ್ಕಾ ಅಮ್ಮಾ ನಮ್ಮನ್ನ ಅಷ್ಟು ಓಡಿಸಿದ್ದು?” ಎಂದು ನಕ್ಕ. ನಾನೂ ನಕ್ಕೆ. ಅವತ್ತಿನಿಂದ ಮನಸ್ಸು ಸರಿಯಿಲ್ಲ ಅಕ್ಕಾ. ಬಂದು ಹೋದೆ ಎಂದಾದರೂ ಒಂದು ಮಾತು ನಿನಗೆ ಮುಟ್ಟಿಸಬಹುದಿತ್ತು.

ರಾತ್ರಿ ಕಾಲಿಗೆ ಬೆಚ್ಚಗೆ ಸುತ್ತಿಕೊಂಡು ಮಲಗು. ನಿನ್ನ ಪ್ರಾರ್ಥನೆಯಲ್ಲಿ ಫ್ರೂತೋಸನ ಹೆಸರೂ ಇರಲಿ.

ನಿನ್ನ ತಂಗಿ,
ಕಸಿಲ್ದಾ

ತಾ.ಕ.: ಬೇರೆ ಹಾಳೆಯಲ್ಲಿರುವ ಈ ನಾಲ್ಕು ಸಾಲು ಅಕ್ಕನಿಗಲ್ಲ. ಪೂಜ್ಯ ಮದರ್, ಮಠಕ್ಕೆ ಬರುವ ಕಾಗದಗಳನ್ನು ಮೊದಲು ಒಡೆದು ಓದುವವರು ತಾವು, ಆದ್ದರಿಂದ ತಮಗೇ ಬರೆಯುತ್ತಿದ್ದೇನೆ. ಬೇಸಿಗೆ ಕಳೆಯುವಷ್ಟರಲ್ಲಿ ನನ್ನ ಎರಡು ಕಣ್ಣೂ ಹೋಗುತ್ತವೆ ಎಂದಿದ್ದಾರೆ ಡಾಕ್ಟರು. ಮಗನಿಗೆ ಹೇಳಿಲ್ಲ. ಅಕ್ಕನಿಗೂ ಹೇಳಬೇಡಿ, ಈ ವಯಸ್ಸಿನಲ್ಲಿ ನನಗೋಸ್ಕರ ಊಟ ಬಿಟ್ಟು ಕೂತುಬಿಡುತ್ತಾಳೆ. ಈಸ್ಟರ್ ಮುಗಿದ ಕೂಡಲೇ ಬಸ್ಸಿಗೆ ಬರುತ್ತೇನೆ. ಭೇಟಿಯ ಕೋಣೆಯಲ್ಲಿ, ಕಂಬಿಯ ಆಚೆ, ಅವಳು ಯಾವಾಗಲೂ ಕತ್ತಲ ಮೂಲೆಯಲ್ಲಿ ಕೂರುತ್ತಾಳೆ. ಅವತ್ತೊಂದು ದಿನ ದಯವಿಟ್ಟು ಅವಳನ್ನು ಕಿಟಕಿಯ ಹತ್ತಿರ ಕೂರಿಸಿ.