ನಮ್ಮೂರಲ್ಲಿ ಸಕ್ಕರೆ ಪರೀಕ್ಷೆ ಮಾಡುವ ಇರುವೆಗಳು

ಮಾನ್ಯ ಆರೋಗ್ಯಾಧಿಕಾರಿಗಳೇ,

ನಮ್ಮ ಊರಿನಲ್ಲಿ ಸಕ್ಕರೆ ಕಾಯಿಲೆಯ ಪರೀಕ್ಷೆಯನ್ನು ಈಗ ಇರುವೆಗಳು ನಡೆಸುತ್ತಿವೆ. ತಮ್ಮ ಗಮನಕ್ಕೆ ಇದು ಬಂದಿರಲಿಕ್ಕಿಲ್ಲ. ಬಳಗಾನೂರಿನಿಂದಾಚೆ, ಕಾಲುವೆ ದಾಟಿ ಬರಬೇಕಾದ ಊರು ನಮ್ಮದು. ಇಲ್ಲಿ ಆರೋಗ್ಯ ಕೇಂದ್ರದ ಕಟ್ಟಡವಿದೆ, ಗೋಡೆಯ ಮೇಲೆ ಮಧುಮೇಹದ ಬಗ್ಗೆ ಚಂದದ ಚಿತ್ರವೂ ಇದೆ. ರಕ್ತದ ಹನಿ ಹಾಕಿ ನೋಡುವ ಪಟ್ಟಿ ಮಾತ್ರ ಏಳು ತಿಂಗಳಿಂದ ಇಲ್ಲ. ಕೇಳಿದಾಗಲೆಲ್ಲ ನರ್ಸಮ್ಮ, "ಮ್ಯಾಲಿಂದನ ಬಂದಿಲ್ರೀ" ಎನ್ನುತ್ತಾರೆ. ಆ ಮೇಲೆ ಇರುವವರು ತಾವೇ ಎಂದು ತಿಳಿದು ಬರೆಯುತ್ತಿದ್ದೇನೆ.

ನನ್ನ ಹೆಂಡತಿ ವೀರಭದ್ರಮ್ಮನಿಗೆ ಈ ಕಾಯಿಲೆ ಬಂದು ನಾಲ್ಕು ವರ್ಷವಾಯಿತು. ಕೇಂದ್ರದಲ್ಲಿ ಕೊಟ್ಟ ಮಾತ್ರೆ ನುಂಗುತ್ತಿದ್ದಳು; ಅದು ಕೆಲಸ ಮಾಡುತ್ತಿದೆಯೋ ಇಲ್ಲವೋ ಹೇಳುವವರಿರಲಿಲ್ಲ. ಮಸ್ಕಿ ಸಂತೆಯಲ್ಲಿ ಒಬ್ಬ ಹೊನ್ನೆ ಮರದ ಲೋಟ ಮಾರುತ್ತಿದ್ದ. ರಾತ್ರಿ ನೀರು ಹಾಕಿಟ್ಟು ಬೆಳಿಗ್ಗೆ ಕುಡಿದರೆ ಸಾಕು, ಮಾತ್ರೆಯೇ ಬೇಡ ಎಂದ. ನೀರು ಚಹಾದ ಬಣ್ಣಕ್ಕೆ ತಿರುಗಿದ್ದು ಕಂಡು ನಾನೂ ನಂಬಿದೆ, ಸುಳ್ಳೇಕೆ ಹೇಳಲಿ? ಆದರೆ ಅವನು ತಮ್ಮ ಇಲಾಖೆಗಿಂತ ಒಂದು ಹೆಜ್ಜೆ ಮುಂದಿದ್ದ. ಔಷಧದ ಜೊತೆಗೆ ಪರೀಕ್ಷೆಯನ್ನೂ ಕೊಟ್ಟ. "ಉಚ್ಚಿ ಹೊಯ್ದಲ್ಲಿ ಇರುವಿ ಮುತ್ತೋದು ನಿಂತ್ರ, ಸಕ್ಕರಿ ಹೋತಂತ ತಿಳ್ಕೊರಿ."

ಅಂದಿನಿಂದ ಅವಳು ದಿನಾ ಬಚ್ಚಲ ಮೂಲೆಯಲ್ಲಿ ಬಗ್ಗಿ ನೋಡುವಳು. ಹತ್ತನೆಯ ದಿನ ಒಂದು ಇರುವೆಯೂ ಬರಲಿಲ್ಲ, ಮರುದಿನವೂ ಇಲ್ಲ. "ನೋಡ್ರೀ, ಆರಾಮಾಗೀನಿ ನಾ" ಎಂದು ನಕ್ಕಳು. ಮಾತ್ರೆ ನುಂಗುವುದು ನಿಂತಿತು. ಹಬ್ಬಕ್ಕೆ ಹೋಳಿಗೆ ತಿಂದಳು. ತುಪ್ಪ ಹಾಕಿದವನು ನಾನೇ.

ಇರುವೆ ನಿಂತ ಆ ವಾರವೇ ಪಡಸಾಲೆಯಲ್ಲಿ ಭತ್ತದ ಚೀಲ ಪೇರಿಸಿದ್ದೆವು. ಲಾರಿ ಬರುವತನಕ ಹಾಳಾಗದಿರಲೆಂದು, ಈ ಕಡೆ ಎಲ್ಲರೂ ಮಾಡುವಂತೆ, ಸುತ್ತಲೂ ಇರುವೆ ಪುಡಿ ಎರಚಿದ್ದೆ. ಉಳಿದದ್ದನ್ನು ಚೆಲ್ಲುವುದೇಕೆಂದು ಬಚ್ಚಲಿಗೂ ಉದುರಿಸಿದ್ದೆ. ಇರುವೆ ಬಾರದಿದ್ದದ್ದು ಅದಕ್ಕೆ. ನನಗಿದು ಹೊಳೆದದ್ದು ಚೀಲಗಳು ಹೋಗಿ, ನೆಲ ತೊಳೆದು, ಇರುವೆ ಸಾಲು ಮತ್ತೆ ಬಂದಾಗ. ಅಷ್ಟರಲ್ಲಿ ಗದ್ದೆಯ ಕೂಳೆ ಚುಚ್ಚಿದ್ದ ಅವಳ ಬಲಗಾಲು ಕಪ್ಪಾಗಿತ್ತು. ಸಿಂಧನೂರಿನಲ್ಲಿ ಎರಡು ಬೆರಳು ತೆಗೆದರು. ಪಾದ ಉಳಿಯಬೇಕಾದರೆ ದಿನಾ ಸಕ್ಕರೆ ನೋಡುತ್ತಿರಬೇಕೆಂದು ವೈದ್ಯರು ಹೇಳಿ ಕಳಿಸಿದ್ದಾರೆ. ಎಲ್ಲಿ ನೋಡಲಿ ಸ್ವಾಮಿ?

ಅವಳು ಈಗಲೂ ಕುಂಟುತ್ತ ಬಚ್ಚಲಿಗೇ ಹೋಗಿ ನೋಡುತ್ತಾಳೆ. ಬೇಡವೆಂದರೆ, "ಇರುವಿ ದಿನಾ ಬರ್ತಾವ. ದವಾಖಾನಿ ಪಟ್ಟಿ ಯಾವಾಗ ಬಂದೈತ್ರೀ?" ಎನ್ನುತ್ತಾಳೆ. ಇದಕ್ಕೆ ತಮ್ಮಲ್ಲಿ ಉತ್ತರವಿದೆಯೇ? ಲೋಟ ಮಾರುವವನ ಮೇಲೆ ಕ್ರಮ ಕೈಗೊಳ್ಳಲಾಗುವುದು ಎಂದು ತಾವು ಬರೆಯಬಹುದು. ಅವನೀಗ ಲಿಂಗಸುಗೂರು ಸಂತೆಯಲ್ಲಿ ಕೂರುತ್ತಾನಂತೆ, ಅಗತ್ಯವಾಗಿ ಹಿಡಿಯಿರಿ. ಆದರೆ ಅವನು ಬಂದು ಕೂತದ್ದು ತಾವು ಖಾಲಿ ಬಿಟ್ಟ ಜಾಗದಲ್ಲಿ.

ಈ ತಿಂಗಳೊಳಗೆ ನಮ್ಮ ಕೇಂದ್ರಕ್ಕೆ ಪರೀಕ್ಷೆಯ ಪಟ್ಟಿ ಕಳಿಸಿ. ಅದೂ ಆಗದಿದ್ದರೆ ಇರುವೆಗಳಿಗಾದರೂ ನೇಮಕಾತಿ ಆದೇಶ ಕೊಡಿ. ರಜೆ ಕೇಳುವುದಿಲ್ಲ.

ಇನ್ನೊಂದು ಮಾತು. ಪುಡಿಯ ಸಂಗತಿಯನ್ನು ನಾನು ವೀರಭದ್ರಮ್ಮನಿಗೆ ಇವತ್ತಿನವರೆಗೆ ಹೇಳಿಲ್ಲ. ಅವಳಿಗೆ ಓದಲು ಬಾರದು. ಮಗಳು ಶಿವಗಂಗಾ ದಿನಾ ಪೇಪರ್ ಓದಿ ಹೇಳುತ್ತಾಳೆ. ಈ ಪತ್ರವನ್ನು ಪೇಪರಿಗೂ ಕಳಿಸಿದ್ದೇನೆ, ಇದನ್ನೂ ಓದುತ್ತಾಳೆ.

ಇಂತಿ,
ಹೋಳಿಗೆಗೆ ತುಪ್ಪ, ಬಚ್ಚಲಿಗೆ ಪುಡಿ ಹಾಕಿದ
ಬಸವಂತರಾಯ