ಭಾನುವಾರ ಬಂದ ಸೀಗೆ ಹುಣ್ಣಿಮೆ

ವಿದ್ಯಾರ್ಥಿ ವಿನಿಮಯ ವಿಭಾಗದ ಮಾನ್ಯ ನಿರ್ದೇಶಕರೇ,

ಮೊದಲು ಕ್ಷಮೆ ಕೇಳುತ್ತೇನೆ. ಕಳೆದ ತಿಂಗಳ ಪತ್ರದಲ್ಲಿ, ನಮ್ಮ ಮನೆಯಲ್ಲಿರುವ ಸ್ಲೊವೇನಿಯ ದೇಶದ ವಿದ್ಯಾರ್ಥಿನಿ ನೇಜಾ ‘ಸೀಗೆ ಹುಣ್ಣಿಮೆಯಂದು ಭಾನುವಳ್ಳಿಯ ಗದ್ದೆಯಲ್ಲಿ ಇಡೀ ದಿನ ಸಂತೋಷದಿಂದ ಕಳೆದಳು’ ಎಂದು ಬರೆದಿದ್ದೆ. ದೋಷ ವಾಕ್ಯದಲ್ಲಿರಲಿಲ್ಲ, ದಿನದಲ್ಲಿತ್ತು. ಆ ಒಂದು ವಾಕ್ಯವನ್ನು ಹಿಡಿದು ನೀವು ಅವಳನ್ನು ಸುಳ್ಳುಗಾರ್ತಿಯೆಂದು ತೀರ್ಮಾನಿಸಿ, ವರ್ಷ ಮುಗಿಯುವ ಮೊದಲೇ ಸ್ವದೇಶಕ್ಕೆ ಕಳುಹಿಸುವ ಆದೇಶ ಹೊರಡಿಸಿದ್ದೀರಿ. ತಪ್ಪು ನನ್ನದು, ಶಿಕ್ಷೆ ಅವಳದು. ಖಾಸಗಿಯಾಗಿ ಹೇಳಿದ್ದು ನಿಮ್ಮ ಕಚೇರಿಯ ಕಿವಿಗೆ ಬೀಳದ್ದರಿಂದ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಆ ಪತ್ರವನ್ನು ನಾನಾಗಿ ಬರೆದದ್ದಲ್ಲ. ವಿದೇಶದ ವಿದ್ಯಾರ್ಥಿ ಬಿಡುವಿನ ವೇಳೆಯನ್ನು ಹೇಗೆ ಕಳೆಯುತ್ತಾಳೆ, ‘ಸ್ಥಳೀಯ ಜನಜೀವನ’ದಲ್ಲಿ ಎಷ್ಟು ಬೆರೆತಿದ್ದಾಳೆ ಎಂದು ಆತಿಥೇಯರು ತಿಂಗಳಿಗೊಮ್ಮೆ ತಿಳಿಸಬೇಕೆಂಬುದು ನಿಮ್ಮದೇ ನಿಯಮ. ತಿಳಿಸಿದೆ. ನನ್ನ ಹೆಂಡತಿ ಯಶೋದೆಯೊಡನೆ ಚೌಕಾಬಾರ ಆಡಿ ಸೋಲುತ್ತಾಳೆ, ಸೋತು ಜಗಳವಾಡುತ್ತಾಳೆ ಎಂದೆ. ಪಕ್ಕದ ಮನೆಯ ಮುಮ್ತಾಜ್ ಅವರ ಸ್ಕೂಟರಿನಲ್ಲಿ ಹೋಗಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬರುತ್ತಾಳೆ ಎಂದೆ. ಹರಿಹರದಲ್ಲಿ ಹೊಳೆಯ ದಂಡೆಯ ಮೇಲೆ ಏನನ್ನೂ ಮಾಡದೆ ಒಂದು ಮಧ್ಯಾಹ್ನ ಕುಳಿತಿದ್ದಳು ಎಂದೆ. ನಿಮಗೆ ಬೇಕಾಗಿದ್ದ ಜನಜೀವನ ಇದಲ್ಲವೇನೋ. ನೀವು ಏರ್ಪಡಿಸಿದ ‘ಸಾಂಸ್ಕೃತಿಕ ಸಂಜೆ’ಯಲ್ಲಿ ಅವಳಿಗೆ ಬಾಡಿಗೆಯ ಸೀರೆ ಉಡಿಸಿ, ಕೈಗೆ ಆರತಿ ತಟ್ಟೆ ಕೊಟ್ಟು, ಛಾಯಾಚಿತ್ರ ತೆಗೆದು, ಒಂದು ಮಾತನ್ನೂ ಆಡಿಸದೆ ಕಳುಹಿಸಿದಿರಿ. ಅದು ಬೆರೆಯುವಿಕೆ, ಗದ್ದೆಯ ಕೆಸರು ಅಶಿಸ್ತು!

ಇನ್ನು ಆ ಹುಣ್ಣಿಮೆಯ ವಿಷಯ. ಭಾನುವಳ್ಳಿಯಲ್ಲಿ ನನ್ನ ತಂಗಿ ಪುಟ್ಟಕ್ಕನ ಗದ್ದೆಯಿದೆ. ಭತ್ತ ತೆನೆ ಹೊರಡುವ ಮುನ್ನ ಹೊಡೆ ತುಂಬುವ ಈ ಕಾಲದಲ್ಲಿ ಭೂಮಿಯನ್ನು ಬಸುರಿಯೆಂದು ಭಾವಿಸಿ, ಅಡುಗೆ ಹೊತ್ತು ಹೋಗಿ, ಎಡೆಯ ಅನ್ನವನ್ನು ಪೈರಿಗೆ ಚರಗವೆಂದು ಚೆಲ್ಲಿ, ಬದುವಿನ ಮೇಲೆ ಕುಳಿತು ಉಣ್ಣುವುದು ನಮ್ಮವರ ಪದ್ಧತಿ. ಈ ಸಲ ಹುಣ್ಣಿಮೆ ಸೋಮವಾರವಿತ್ತು. ಪುಟ್ಟಕ್ಕನ ಮಗ ನಿಂಗರಾಜು ಕೆ.ಬಿ. ಬಡಾವಣೆಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಅವನಿಗೆ ರಜೆ ಭಾನುವಾರ ಮಾತ್ರ. ಆದ್ದರಿಂದ ಹಬ್ಬವನ್ನೇ ಒಂದು ದಿನ ಮುಂಚೆ ಇಟ್ಟುಕೊಂಡರು. ನಾನು ಆಕ್ಷೇಪಿಸಿದೆ.

“ಹುಣ್ಣಿಮಿ ಎಲ್ಲಿಗೂ ಓಡಿ ಹೋಗಲ್ಲ ಬಿಡಣ್ಣ,” ಎಂದಳು ಪುಟ್ಟಕ್ಕ. “ಭೂಮ್ತಾಯಿ ಏನು ಕ್ಯಾಲೆಂಡರ್ ನೋಡ್ಕಂಡು ಉಣ್ತಾಳಾ? ಮಕ್ಳು ಬಂದ ದಿನನೇ ಹಬ್ಬ. ನೀನು ಸುಮ್ನೆ ಬುಟ್ಟಿ ಹಿಡ್ಕ.”

ಬುಟ್ಟಿ ಹಿಡಿದೆ. ನೇಜಾ ಮೊಣಕಾಲಿನವರೆಗೆ ಕೆಸರಿನಲ್ಲಿ ಹೂತು, ನಿಂಗರಾಜು ನಗುತ್ತ ಕೈಹಿಡಿದು ಎಳೆದಾಗ ಒಂದು ಚಪ್ಪಲಿಯನ್ನು ಗದ್ದೆಗೇ ಬಿಟ್ಟು, ಸಂಜೆಯವರೆಗೂ ಬಿಸಿಲಿನಲ್ಲಿದ್ದಳು. ಮರುದಿನ ಜ್ವರ ಬಂತು. ಆ ಸೋಮವಾರ ಕಾಲೇಜಿನಲ್ಲಿ ಪರೀಕ್ಷೆಯಿತ್ತು. ಜ್ವರದಿಂದ ಬರಲಾಗದೆಂದು ಅವಳು ನಿಮಗೆ ತಿಳಿಸಿದ್ದು ನಿಜ. ನಮ್ಮ ಬಡಾವಣೆಯ ವೈದ್ಯರು ನೋಡಿದ್ದಾರೆ, ಕೇಳಿದರೆ ಹೇಳುತ್ತಾರೆ. ನೀವು ಕೇಳಲಿಲ್ಲ. ನಾನಾದರೋ, ಇಂಗ್ಲಿಷ್ ತಾರೀಖು ಬರೆಯಬಾರದೆಂಬ ನನ್ನ ವ್ರತಕ್ಕೆ ನಿಷ್ಠನಾಗಿ ‘ಸೀಗೆ ಹುಣ್ಣಿಮೆಯಂದು’ ಎಂದು ಬರೆದೆ. ನಮ್ಮವರಿಗೆ ಹಬ್ಬ ನಡೆದ ದಿನವೇ ಹುಣ್ಣಿಮೆ. ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಹುಣ್ಣಿಮೆ ಸೋಮವಾರ. ಜ್ವರದ ನೆಪ ಹೇಳಿ ತಿರುಗಾಡಲು ಹೋದಳೆಂದು ನೀವು ಕೂಡಿಸಿ ಕಳೆದು ಕಂಡುಕೊಂಡಿರಿ.

ವಿವರಿಸಲು ನಾನೂ ನೇಜಾಳೂ ಕಚೇರಿಗೆ ಬಂದೆವು. ನೀವು ಸಿಗಲಿಲ್ಲ. ನಿಮ್ಮ ಸಹಾಯಕರು ಕ್ಯಾಲೆಂಡರಿನತ್ತ ಬೆರಳು ತೋರಿಸಿದರು. “ನೀವೇ ಬರ್ದು ಸೈನ್ ಹಾಕೀರಲ್ರಿ ಯಜಮಾನ್ರೇ. ಭಾನುವಾರ ಹುಣ್ಣಿಮೆ ಮಾಡಿದ್ರಂತೆ! ಹಂಗಾರೆ ಯುಗಾದಿನೂ ಸೆಕೆಂಡ್ ಸ್ಯಾಟರ್ಡೇಗೆ ಇಟ್ಕಳಾಣೇನ್ರಿ?” ಕೋಣೆಯಲ್ಲಿದ್ದವರೆಲ್ಲ ನಕ್ಕರು.

“ನಂಗೆ ಜ್ವರ ಇತ್ರಿ. ನಾನು ಸುಳ್ಳು ಹೇಳಿಲ್ರಿ,” ಎಂದಳು ನೇಜಾ. ಅದು ನಾನು ಕಲಿಸಿದ ಕನ್ನಡವಲ್ಲ, ಪುಟ್ಟಕ್ಕನ ಕನ್ನಡ. ಜನಜೀವನದಲ್ಲಿ ಬೆರೆತದ್ದಕ್ಕೆ ಇನ್ನೇನು ಸಾಕ್ಷಿ ಬೇಕಿತ್ತು?

ಅಂದಿನಿಂದ ಅವಳು ಹೊರಗೆ ಹೋಗುತ್ತಿಲ್ಲ. ಮುಮ್ತಾಜ್ ಬಾಗಿಲಲ್ಲಿ ನಿಂತು, “ಬಾರೇ, ಮಂಡಕ್ಕಿ ತಿಂದು ಬರಾಣ,” ಎಂದು ಕರೆದರೆ, “ಅದನ್ನೂ ಅಜ್ಜಾರು ಬರೀಬೇಕಾಗ್ತೈತಾ?” ಎಂದು ನನ್ನ ಮುಖ ನೋಡುತ್ತಾಳೆ.

ನಿರ್ದೇಶಕರೇ, ನಿಮ್ಮ ಮನೆಯಲ್ಲಿ ಮಕ್ಕಳ ರಜೆಗಾಗಿ ಯಾವ ಹಬ್ಬವೂ ಸರಿದಿಲ್ಲವೇ? ಪರದೇಶದ ಹುಡುಗಿ ನಮ್ಮ ಹಬ್ಬವನ್ನು ನಾವು ಮಾಡುವ ಹಾಗೆಯೇ ಮಾಡಿದ್ದು ಅಪರಾಧವೇ? ಆದೇಶವನ್ನು ಹಿಂತೆಗೆದುಕೊಳ್ಳಿ. ‘ಸುಳ್ಳು ಹೇಳಿಕೆ’ ಎಂಬ ಮಾತನ್ನು ಅವಳ ಕಡತದಿಂದ ತೆಗೆಯಿರಿ. ಪರೀಕ್ಷೆಯನ್ನು ಇನ್ನೊಮ್ಮೆ ಬರೆಯಲು ಬಿಡಿ. ಶಿಕ್ಷಿಸಲೇಬೇಕಿದ್ದರೆ ಆತಿಥೇಯರ ಪಟ್ಟಿಯಿಂದ ನನ್ನ ಹೆಸರನ್ನು ಹೊಡೆದುಹಾಕಿ. ವ್ರತ ಮುರಿದು, ನಿಮ್ಮ ಕ್ಯಾಲೆಂಡರಿನ ಭಾಷೆಯಲ್ಲೇ ದಿನಗಳನ್ನು ತಿದ್ದಿ ಕೆಳಗೆ ಕೊಟ್ಟಿದ್ದೇನೆ.

ಇಂತಿ,
ಶುದ್ಧವಾಗಿ ಬರೆದು ಕೇಡು ತಂದ,
ಕೆಂಚವೀರಪ್ಪ, ನಿವೃತ್ತ ಕನ್ನಡ ಉಪನ್ಯಾಸಕ
ಎಂ.ಸಿ.ಸಿ. ‘ಬಿ’ ಬಡಾವಣೆ, ದಾವಣಗೆರೆ

ತಿದ್ದಿದ ದಿನಾಂಕಗಳು

ಅಕ್ಟೋಬರ್ ೫, ಭಾನುವಾರ: ಭಾನುವಳ್ಳಿಯಲ್ಲಿ ಪುಟ್ಟಕ್ಕನ ಮನೆಯವರ ಸೀಗೆ ಹುಣ್ಣಿಮೆ. ನೇಜಾ ಗದ್ದೆಯಲ್ಲಿದ್ದಳು.

ಅಕ್ಟೋಬರ್ ೬, ಸೋಮವಾರ: ಕ್ಯಾಲೆಂಡರಿನ ಸೀಗೆ ಹುಣ್ಣಿಮೆ. ನೇಜಾ ನಮ್ಮ ಮನೆಯಲ್ಲಿ ಜ್ವರದಿಂದ ಮಲಗಿದ್ದಳು.

ನವೆಂಬರ್ ೧೪, ಶುಕ್ರವಾರ: ಅವಳು ಊರು ಬಿಡಬೇಕೆಂದು ನೀವು ಗೊತ್ತುಪಡಿಸಿದ ದಿನ. ಇದನ್ನು ತಿದ್ದುವ ಅಧಿಕಾರ ನನಗಿಲ್ಲ, ನಿಮಗಿದೆ.